ಅಕ್ಕನ ಕ್ವಾರ್ಟರ್ಸಿನ ನೀರು

ಮಿಲಿಟರಿ ಕ್ಯಾಂಪಿನ ಗೇಟಿನ ಎದುರಿಗಿದ್ದ ಟೀ ಅಂಗಡಿಯ ತಗಡಿನ ಮೇಲೆ ಆ ನೋಟೀಸು ಅಂಟಿಸಿದ್ದರು. ಹದಿನಾಲ್ಕು ದಿನದೊಳಗೆ ಬೇಡಿಕೆ ಈಡೇರದಿದ್ದರೆ ಕಂಟ್ರಾಕ್ಟ್ ಕೆಲಸಗಾರರು ಯಾರೂ ಒಳಗೆ ಕಾಲಿಡುವುದಿಲ್ಲ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿತ್ತು. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತು ಎರಡು ಸಲ ಓದಿದೆ. ನನ್ನ ಗಂಡ ಅದೇ ಕ್ಯಾಂಪಿನ ಪಂಪ್‌ಹೌಸಿನಲ್ಲಿ ಕಂಟ್ರಾಕ್ಟ್ ಆಪರೇಟರ್. ಮುಷ್ಕರವಾದರೆ ನಮ್ಮ ಒಲೆಯ ಗತಿ ಏನು ಎಂದು ಹೆದರಬೇಕಾಗಿತ್ತು. ನನಗೆ ಹೊಳೆದದ್ದು ಬೇರೆ. ಅಕ್ಕನ ಮನೆಯ ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಅಕ್ಕ ಅದೇ ಗೇಟಿನ ಒಳಗಿದ್ದಳು. ಅವಳ ಗಂಡ, ನನ್ನ ಬಾವ, ಹವಾಲ್ದಾರ್. ಎರಡು ಕೋಣೆ, ಒಂದು ಹಾಲ್, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಮುಂದೆ ನಾಲ್ಕು ದಾಸವಾಳದ ಗಿಡ ಇರುವ ಕ್ವಾರ್ಟರ್ಸು. ಜ್ವರ ಬಂದರೆ ಒಳಗೇ ಆಸ್ಪತ್ರೆ, ಸಾಮಾನಿಗೆ ಕ್ಯಾಂಟೀನ್ ಕಾರ್ಡು. ನಾವು ಗೇಟಿನ ಹೊರಗೆ, ಸಾಲುಮನೆಯಲ್ಲಿ, ಒಂದೇ ಕೋಣೆಯಲ್ಲಿ. ನಮ್ಮ ಆರು ಮನೆಗೆ ಒಂದು ಬೋರ್‌ವೆಲ್ ಕೈಪಂಪು. ಇಡೀ ಕ್ಯಾಂಪಿಗೆ ನೀರು ಎತ್ತುವವನ ಹೆಂಡತಿ ನಾನು, ಬೆಳಗ್ಗೆ ಎದ್ದು ಕೊಡ ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದೆ.

ಇದಕ್ಕಿಂತ ಹಿಂದಿನದೊಂದು ಮಾತಿದೆ, ಅದನ್ನು ಹೇಳದಿದ್ದರೆ ನನ್ನ ಹೊಟ್ಟೆಕಿಚ್ಚು ಬರೀ ಮನೆ ನಲ್ಲಿಗಳದ್ದು ಅನ್ನಿಸೀತು.

ನಮ್ಮದು ಯಳಂದೂರು ತಾಲೂಕಿನ ಒಂದು ಹಳ್ಳಿ. ಅಪ್ಪ ರೇಷ್ಮೆ ಹುಳ ಸಾಕುತ್ತಿದ್ದರು. ಹನೂರಿನಲ್ಲಿ ನಡೆದ ಒಂದು ಮದುವೆಯಲ್ಲಿ ಹೂಗ್ಯ ಎನ್ನುವ ಊರಿನ ಒಬ್ಬ ಹೆಂಗಸು ನನ್ನನ್ನು ನೋಡಿ ಮೆಚ್ಚಿಕೊಂಡು, ಮಿಲಿಟರಿಯಲ್ಲಿದ್ದ ತನ್ನ ಮಗನಿಗೆ ಕೇಳಿಕೊಂಡು ಬಂದಳು. ನನ್ನನ್ನು. ಅಪ್ಪ ಅಂಗಳದಲ್ಲೇ ಹೇಳಿಬಿಟ್ಟರು: "ದೊಡ್ಡವಳು ಮನೇಲಿರುವಾಗ ಚಿಕ್ಕವಳ್ನ ಎಂಗವ್ವ ಕೊಡದು? ದೊಡ್ಡವಳ್ನೇ ನೋಡ್ಕಂಡೋಗಿ." ಕಾಫಿ ಲೋಟದ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟರು. ನನ್ನನ್ನು ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕಳಿಸಿದರು. ಕಿಟಕಿಯ ಚಿಲಕದ ಸಂದಿನಿಂದ ನಾನು ನೋಡಿದ್ದು ಅವರ ಚಪ್ಪಲಿಗಳನ್ನು ಮಾತ್ರ. ಆ ಹೆಂಗಸು ಅಕ್ಕನನ್ನೂ ಒಪ್ಪಿದಳು. ಅಕ್ಕ ನನಗಿಂತ ಬೆಳ್ಳಗಿದ್ದಳು.

ಬಾವನ ಮೇಲೆ ನನಗೆ ಆಸೆ ಇತ್ತೆಂದು ಯಾರೂ ತಿಳಿಯಬಾರದು. ಅವರ ಮುಖವನ್ನೇ ನಾನು ಆಗ ನೋಡಿರಲಿಲ್ಲ. ನನಗೆ ಬಂದ ಬಾಗಿಲು ನನ್ನ ಕಣ್ಣೆದುರೇ ಇನ್ನೊಬ್ಬರಿಗೆ ತೆರೆಯಿತು, ಅಷ್ಟೇ. ಎರಡು ವರ್ಷ ಕಳೆದ ಮೇಲೆ ನನ್ನನ್ನು ಮುಳ್ಳೂರಿಗೆ ಕೊಟ್ಟರು. ನನ್ನ ಗಂಡ ಕೊಳ್ಳೇಗಾಲದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಒಳ್ಳೆಯವನು, ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ. ಆ ಅಂಗಡಿ ಮುಚ್ಚಿದಾಗ ಬಾವನೇ ಕಂಟ್ರಾಕ್ಟರಿಗೆ ಹೇಳಿ ಪಂಪ್‌ಹೌಸಿನ ಕೆಲಸ ಕೊಡಿಸಿದರು. ಅಲ್ಲಿಗೆ ನನ್ನ ಸಂಕಟ ಪೂರ್ತಿಯಾಯಿತು. ಹೊಟ್ಟೆಕಿಚ್ಚು ಪಡುವವರ ಹತ್ತಿರವೇ ಋಣವೂ ಬಿದ್ದರೆ ಬಾಯಿ ಬಿಟ್ಟು ಬೈಯುವ ಹಾಗೂ ಇರುವುದಿಲ್ಲ.

ಆ ಕ್ಯಾಂಪು ನಮ್ಮ ಕಡೆಯಿಂದ ಮೂರು ಬಸ್ಸು ಬದಲಾಯಿಸಿ ಒಂದು ಹಗಲು ಪ್ರಯಾಣ ಮಾಡಿದರೆ ಸಿಗುವ ಜಾಗದಲ್ಲಿದೆ. ಆದರೂ ಅಲ್ಲಿನ ಕಂಟ್ರಾಕ್ಟ್ ಕೆಲಸಗಾರರಲ್ಲಿ ಅರ್ಧಕ್ಕರ್ಧ ಜನ ಕೊಳ್ಳೇಗಾಲ, ಹನೂರು ಕಡೆಯವರೇ. ಮಾರ್ಟಳ್ಳಿಯ ಒಬ್ಬ ಹಿರಿಯರು ಮೊದಲು ಪಂಪ್‌ಹೌಸಿಗೆ ಸೇರಿ, ಆಮೇಲೆ ಒಬ್ಬೊಬ್ಬರನ್ನೇ ಕರೆಸಿಕೊಂಡಿದ್ದರು. ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವ ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಳಗೆ ಬಂದೂಕು ಹಿಡಿಯುವವರು, ಕವಾಯತು ಮಾಡುವವರು ಸೈನಿಕರು. ಆದರೆ ನೀರು ಎತ್ತುವವರು, ಮೆಸ್ಸಿನಲ್ಲಿ ತರಕಾರಿ ಹೆಚ್ಚಿ ಪಾತ್ರೆ ಬೆಳಗುವವರು, ಲಾಂಡ್ರಿಯಲ್ಲಿ ಬಟ್ಟೆ ಬೇಯಿಸುವವರು, ಕಸ ಎತ್ತುವವರು, ಆಸ್ಪತ್ರೆಯ ನೆಲ ಒರೆಸುವವರು, ಕರೆಂಟು ಹೋದರೆ ಜನರೇಟರ್ ಹಾಕುವವರು ಎಲ್ಲ ನಮ್ಮವರು.

ಮುಷ್ಕರದ ಮಾತು ಹುಟ್ಟಿದ್ದು ಲಾಂಡ್ರಿಯಿಂದ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಕೈ ಕುದಿನೀರಿಗೆ ಬೆಂದಿತು. ಕ್ಯಾಂಪಿನ ಆಸ್ಪತ್ರೆ ನೂರು ಹೆಜ್ಜೆ ದೂರದಲ್ಲಿತ್ತು. ಕಂಟ್ರಾಕ್ಟಿನವರಿಗೆ ಅಲ್ಲಿ ಚಿಕಿತ್ಸೆ ಇಲ್ಲವೆಂದು ಮುಲಾಮು ಹಚ್ಚಿ ಆಟೋದಲ್ಲಿ ಪೇಟೆಗೆ ಕಳಿಸಿದರು. ಅದೇ ತಿಂಗಳು ಹೊಸ ಕಂಟ್ರಾಕ್ಟರ್ ಬಂದು ವಾರದ ರಜೆ ತೆಗೆದುಹಾಕಿದ್ದ. ಎರಡೂ ಸೇರಿ ಜನಕ್ಕೆ ತಡೆಯದಾಯಿತು. ಕೆಲಸದಲ್ಲಿ ಪೆಟ್ಟಾದರೆ ಒಳಗಿನ ಆಸ್ಪತ್ರೆಯಲ್ಲೇ ನೋಡಬೇಕು, ವಾರಕ್ಕೊಂದು ರಜೆ ಕೊಡಬೇಕು. ಮೇಸ್ತ್ರಿ ಕೇಳಿದ್ದು ಇವೆರಡನ್ನೇ.

ನೋಟೀಸು ಬಿದ್ದ ನಾಲ್ಕನೇ ದಿನ ಅಕ್ಕ ನಮ್ಮ ಸಾಲುಮನೆಗೆ ಬಂದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಿಗೆ ಹೊಸ ಚಪ್ಪಲಿ. ನಾನು ಕೂರಲು ಹೇಳುವ ಮೊದಲೇ ಮಂಚದ ಮೇಲೆ ಕೂತು, ಮೂಲೆಯಲ್ಲಿದ್ದ ನನ್ನ ನೀಲಿ ಡ್ರಮ್ಮುಗಳ ಕಡೆ ನೋಡಿದಳು.

"ಪೇಟೇಲಿ ಒಂದ್ ಡ್ರಮ್ಮೂ ಸಿಗ್ತಿಲ್ಲ ಕಣೆ. ಕ್ವಾರ್ಟರ್ಸಿನೋರೆಲ್ಲ ಓಗಿ ತಕಂಡು ಬಂದ್ಬುಟ್ಟವ್ರೆ. ನಿನ್ನವೆರಡ್ರಲ್ಲಿ ಒಂದ್ ಕೊಟ್ಟಿರು."

"ಎರಡೂ ಸೋರ್ತವೆ ಕಣಕ್ಕ" ಎಂದೆ.

ಎರಡರಲ್ಲೂ ಕಂಠಮಟ್ಟ ನೀರಿತ್ತು. ನೆಲ ಒಣಗಿತ್ತು. ಅಕ್ಕ ನೆಲವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಅವಳು ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಹಾಗೆ ಆಡುವವಳಲ್ಲ, ಅದಕ್ಕೂ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಿನ್ ಗಂಡಂಗೆ ಒಂದ್ ಮಾತೇಳು. ಏನ್ ನಿಲ್ಸುದ್ರೂ ನಿಲ್ಸಲಿ, ನೀರೊಂದ್ ನಿಲ್ಸೋದ್ ಬ್ಯಾಡ. ಆಸ್ಪತ್ರೇಲಿ ಬಾಣಂತೀರವ್ರೆ" ಎಂದಳು.

"ಆ ಆಸ್ಪತ್ರೆ ನಮಗಿಲ್ವಲ್ಲಕ್ಕ" ಎಂದೆ. ಹೇಳಿ ಗೆದ್ದೆ ಅನ್ನಿಸಿತು. ಮಧ್ಯಾಹ್ನವೆಲ್ಲ ಆ ಮಾತನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಹೇಳಿಕೊಂಡೆ.

ಆದರೆ ಆ ಗೆಲುವು ಸಂಜೆಯವರೆಗೂ ಉಳಿಯಲಿಲ್ಲ. ಗಂಡ ಕೆಲಸದಿಂದ ಬಂದು ಕೈ ತೊಳೆಯುತ್ತ ಒಂದು ಸುದ್ದಿ ಹೇಳಿದ. ಮುಷ್ಕರವಾದರೆ ನೀರಿಗೆ ತೊಂದರೆ ಆಗಬಾರದೆಂದು ಸಾಹೇಬರು ಮೂವರು ಜವಾನರಿಗೆ, ಅವರ ಮೇಲೊಬ್ಬ ಹವಾಲ್ದಾರಿಗೆ, ಪಂಪ್ ನಡೆಸುವುದನ್ನು ಕಲಿಯಲು ಹೇಳಿದ್ದರು. ಆ ಹವಾಲ್ದಾರ್ ನಮ್ಮ ಬಾವ. ಕಲಿಸಬೇಕಾದವನು ನನ್ನ ಗಂಡ.

"ಮೇಸ್ತ್ರಿ ಏನಂದ್ರು?"

"ಕಲಿಸ್ಬ್ಯಾಡ ಅಂದ್ರು."

"ಮತ್ತೆ?"

"ಇವತ್ತು ಅರ್ಧ ಕಲಿಸ್ದೆ."

ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಮನೆಯಿದೆ, ಕಾರ್ಡಿದೆ, ಆಸ್ಪತ್ರೆಯಿದೆ, ನಾಳೆ ಪಿಂಚಣಿಯಿದೆ. ನಮಗಿದ್ದದ್ದು ಒಂದೇ, ಆ ಎರಡು ಮೋಟಾರು ನನ್ನ ಗಂಡನ ಮಾತು ಕೇಳುತ್ತವೆ, ಬೇರೆಯವರ ಮಾತು ಕೇಳುವುದಿಲ್ಲ ಎನ್ನುವುದು. "ಅದ್ನೂ ಅವ್ರಿಗೇ ಕೊಟ್ಬುಟ್ರಾ?" ಎಂದು ಕೂಗಿದೆ. ಪಕ್ಕದ ಮನೆಯವರು ರೇಡಿಯೋ ಸಣ್ಣದು ಮಾಡಿದ್ದು ಕೇಳಿಸಿತು.

ಅವನು ಟವಲಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ. "ಗೊತ್ತಿಲ್ದೆ ವಾಲ್ವ್ ತಿರುಗುಸುದ್ರೆ ಪೈಪೇ ಒಡೆದೋಯ್ತದೆ. ನಾವು ಕೇಳ್ತಿರದು ಆಸ್ಪತ್ರೇನ. ಅದಕ್ಕೇ ನೀರಿಲ್ದಂಗ್ ಮಾಡಿ ಏನ್ ಕೇಳನ?"

ಮರುದಿನವೂ ಹೋಗಿ ಉಳಿದರ್ಧ ಕಲಿಸಿದ. ಬಾವ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡರಂತೆ. ನಾನು ಎರಡು ದಿನ ಗಂಡನ ಜೊತೆ ಮಾತು ಬಿಟ್ಟೆ.

ಮುಷ್ಕರದ ದಿನ ಹತ್ತಿರವಾದ ಹಾಗೆ ಮೇಸ್ತ್ರಿ ಒಂದು ನಿರ್ಧಾರ ಮಾಡಿದರು. ಗೇಟಿನ ಹೊರಗೆ ಕೂತಿದ್ದರೆ ಕಂಟ್ರಾಕ್ಟರ್ ಒಬ್ಬೊಬ್ಬರನ್ನೇ ಕರೆದು ಹೆದರಿಸುತ್ತಾನೆ, ಎಲ್ಲರೂ ಮೂರು ದಿನ ಮೊದಲೇ ರಜೆ ಹಾಕಿ ಊರಿಗೆ ಹೋಗಿಬಿಡೋಣ ಎಂದರು. ಮೇಸ್ತ್ರಿ ಮತ್ತು ಇಬ್ಬರು ಮಾತುಕತೆಗೆ ಉಳಿದರು. ಉಳಿದವರೆಲ್ಲ ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದೆವು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಾರ್ಟಳ್ಳಿಯ ಕಡೆಯವರು ಒಂದು ಬಸ್ಸಿಗೆ, ಹನೂರಿನವರು ಇನ್ನೊಂದಕ್ಕೆ ಹೋದರು. ನಾವು ಮುಳ್ಳೂರಿನಲ್ಲಿ ಒಂದು ರಾತ್ರಿ ಇದ್ದು, ಹುಳಕ್ಕೆ ಕೈ ಸಾಲದೆಂದು ಅವ್ವ ಫೋನ್ ಮಾಡಿದ್ದರಿಂದ ನನ್ನ ತವರಿಗೆ ಹೋದೆವು. ಅಪ್ಪ ತೀರಿಕೊಂಡಿದ್ದರೂ ಅವ್ವ ಹುಳ ಸಾಕುವುದನ್ನು ಬಿಟ್ಟಿರಲಿಲ್ಲ.

ಹುಳುಮನೆಯ ಬಾಗಿಲು ತೆಗೆದೆ. ಒಳಗೆ ಅಕ್ಕ ಸೊಪ್ಪು ಹರಡುತ್ತಿದ್ದಳು.

ನೀರು ನಿಂತರೆ ಕ್ವಾರ್ಟರ್ಸಿನಲ್ಲಿ ಮಗಳನ್ನು ಇಟ್ಟುಕೊಂಡು ಪಾಡುಪಡುವುದು ಬೇಡವೆಂದು ಬಾವ ಹಿಂದಿನ ದಿನವೇ ಕಳಿಸಿದ್ದರಂತೆ. ನಮ್ಮ ಮುಷ್ಕರದಿಂದ ಅವಳಿಗೆ ಆದ ಕಷ್ಟ ಇದು. ತವರಿಗೆ ಬಂದು ಅವ್ವನ ಕೈಯ ಊಟ ಉಣ್ಣುವುದು! ನನಗಿಂತ ಒಂದು ದಿನ ಮೊದಲು ಬಂದು ಕಿಟಕಿಯ ಪಕ್ಕದ ಚಾಪೆಯನ್ನೂ ಹಿಡಿದಿದ್ದಳು.

ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಆ ಹೊತ್ತಿನಲ್ಲಿ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಗಂಡ ತೋಟದಿಂದ ಹೊರೆ ತಂದು ಹಾಕುತ್ತಿದ್ದ, ಅಕ್ಕ ಒಂದು ಸಾಲಿನಲ್ಲಿ, ನಾನು ಎದುರಿನ ಸಾಲಿನಲ್ಲಿ ಸೊಪ್ಪು ಹರಡುತ್ತ ಹೋಗುತ್ತಿದ್ದೆವು. ಅವ್ವ ಬಾಗಿಲಲ್ಲಿ ಕೂತು, "ದೊಡ್ಡವಳ್ ಕೈ ನೋಡು, ಇನ್ನೂವೆ ಮರ್ತಿಲ್ಲ" ಎಂದಳು.

ನನ್ನೊಳಗಿನದು ಅಲ್ಲಿ ಒಡೆಯಿತು. ಹದಿಮೂರು ವರ್ಷ ಆಡದಿದ್ದ ಮಾತು ಬಂದೇಬಿಟ್ಟಿತು.

"ಮರೆಯಾಕೆ ಅವಳೆಲ್ಲಿ ಈ ಕೆಲ್ಸ ಮಾಡುದ್ಲು? ಅವತ್ತು ಕಾಫಿ ಕೊಟ್ಟೋಳು ಅವಳು, ಇಲ್ಲಿ ಸೊಪ್ಪು ಹೆಚ್ದೋಳು ನಾನು. ಆ ಹೂಗ್ಯದೋರು ನೋಡಾಕ್ ಬಂದಿದ್ದು ನನ್ನ. ನಿಂಗೊತ್ತೇನಕ್ಕ?"

ಅವ್ವ, "ಅದ್ಯಾಕವ್ವ ಈಗ" ಎಂದು ಎದ್ದು ನಿಂತಳು.

ಅಕ್ಕ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. "ಗೊತ್ತು ಕಣೆ. ಮದ್ವೆಯಾದ್ ತಿಂಗ್ಳೊಳಗೇ ಅತ್ತೆ ಹೇಳುದ್ರು. ಉಪ್ಪು ಜಾಸ್ತಿಯಾದ್ರೂ ಹೇಳೋರು, ಚಿಕ್ಕವಳ್ನೇ ತಂದ್ಕಬೇಕಾಗಿತ್ತು ಅಂತ. ಸಾಯಗಂಟ ಹೇಳುದ್ರು."

ನಾನು ಕೈಯಲ್ಲಿದ್ದ ಸೊಪ್ಪನ್ನು ಹುಳದ ಮೇಲೆ ಹರಡಿದೆ.

"ಅವ್ರು ಹನ್ನೊಂದು ವರ್ಸ ಯಾವ್ಯಾವ್ದೋ ಗಡೀಲಿದ್ರು. ನಾನು ಹೂಗ್ಯದಲ್ಲಿ ಆ ಮಾತು ಕೇಳ್ಕಂಡಿದ್ದೆ. ಕ್ವಾರ್ಟರ್ಸ್ ಸಿಕ್ಕಿ ಎರಡ್ ವರ್ಸಾಯ್ತು ಅಷ್ಟೆ. ನೀನ್ ನೋಡ್ತಿರೋದು ಆ ಎರಡ್ ವರ್ಸ."

ಹೇಳುತ್ತ ಅವಳಿಗೆ ಅಳು ಬಂತು. ಅವ್ವ ಹೋಗಿ ಸೆರಗಿನಿಂದ ಅವಳ ಮುಖ ಒರೆಸಿದಳು. ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕರಗಲಿಲ್ಲ. ದುಃಖದಲ್ಲೂ ಇವಳದೇ ದೊಡ್ಡದಾಯಿತಲ್ಲ, ಅವ್ವನ ಸೆರಗೂ ಇವಳಿಗೇ ಹೋಯಿತಲ್ಲ ಎಂದುಕೊಂಡೆ. ನನ್ನ ಬಗ್ಗೆ ನನಗೇ ಹೇಸಿಗೆಯಾದದ್ದು ಆಮೇಲೆ, ಹಿತ್ತಲಲ್ಲಿ ಒಬ್ಬಳೇ ಕೈಕಾಲು ತೊಳೆಯುವಾಗ.

ಮುಷ್ಕರಕ್ಕೆ ಒಂದು ದಿನ ಉಳಿದಿತ್ತು. ಅಂದು ಬೆಳಗ್ಗೆ ತಿಂಡಿಯ ಹೊತ್ತಿಗೆ ಗಂಡನ ಫೋನು ರಿಂಗಾಯಿತು. ಬಾವ. ಸಾಹೇಬರ ಎದುರು ಜವಾನರೇ ಪಂಪ್ ನಡೆಸಿ ತೋರಿಸುವ ಪರೀಕ್ಷೆ ಇಟ್ಟಿದ್ದರಂತೆ. ಮೋಟಾರು ತಿರುಗುತ್ತಿದೆ, ನೀರು ಏರುತ್ತಿಲ್ಲ. ಮೇಲಿನ ಟ್ಯಾಂಕು ತಳ ಕಂಡಿದೆ, ಆಸ್ಪತ್ರೆಗೆ ಬಕೆಟ್ಟಿನಲ್ಲಿ ಹೊರುತ್ತಿದ್ದಾರೆ. ಮೇಸ್ತ್ರಿ ಮಾತುಕತೆಗೆಂದು ಪೇಟೆಗೆ ಹೋಗಿದ್ದಾರೆ, ಅವರ ಫೋನು ಸಿಗುತ್ತಿಲ್ಲ. ಗಂಡ ಫೋನನ್ನು ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಟ್ಟ. ನಾವಿಬ್ಬರೂ ಸೊಪ್ಪು ಬಿಟ್ಟು ಬಂದು ನಿಂತೆವು.

"ಮೊದ್ಲು ಮೋಟಾರ್ ಆಫ್ ಮಾಡಣ್ಣ. ಸುಟ್ಟೋಯ್ತದೆ."

"ಮಾಡ್ದೆ ಕಣಪ್ಪ. ನೋಟ್‌ಬುಕ್ ನೋಡ್ಕಂಡೇ ಮಾಡುದ್ವಿ, ಎಲ್ಲಿ ತಪ್ಪಾಯ್ತೋ."

"ಪಂಪಿನೊಳಕ್ಕೆ ಗಾಳಿ ಹಿಡ್ದದೆ. ಅದ್ರ ನೆತ್ತಿ ಮೇಲೆ ಒಂದ್ ಸಣ್ಣ ಹಿತ್ತಾಳೆ ತಿರುಪದೆ ನೋಡು. ಅದ್ನ ಸಡ್ಲ ಮಾಡಿ, ಪಕ್ಕದ ಬಾಯಿಂದ ನೀರು ಉಯ್ಯಿ. ನಿಧಾನ. ತಿರುಪಿನ ತಾವ ಗುಳ್ಳೆ ಬತ್ತದೆ."

"ಬತ್ತದೆ."

"ಗುಳ್ಳೆ ನಿಂತು ಬರೀ ನೀರು ಬರಗಂಟ ಉಯ್ಯಿ. ಅವಸರ ಮಾಡ್ಬ್ಯಾಡ."

ಗಂಡ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಕೈ ಆಡಿಸುತ್ತ, ಆ ಪಂಪ್ ಎದುರಿಗೇ ಇದ್ದ ಹಾಗೆ ಹೇಳುತ್ತ ಹೋದ. ಮೇಲಕ್ಕೆ ಹೋಗುವ ಪೈಪಿನ ವಾಲ್ವ್ ಪೂರ್ತಿ ಮುಚ್ಚಿದೆಯೇ ಎಂದು ಕೇಳಿದ. ಇಲ್ಲವೆಂದರು. ಮುಚ್ಚಿಸಿದ. ತಿರುಪು ಬಿಗಿ ಮಾಡಿಸಿದ. ಮೋಟಾರ್ ಹಾಕಿಸಿ, ಫೋನನ್ನು ಅದರ ಹತ್ತಿರ ಹಿಡಿಯಲು ಹೇಳಿ ಸದ್ದು ಕೇಳಿದ. "ಈಗ ಸರಿಯಾಯ್ತು. ವಾಲ್ವ್ ಒಂದೊಂದ್ ಸುತ್ತೇ ಬಿಡು. ಒಂದ್ ಸುತ್ತು ಬಿಟ್ಟು ಹತ್ತು ಎಣಿಸು."

ಬಾವ ಎಣಿಸುವುದು ನಮಗೆ ಕೇಳಿಸುತ್ತಿತ್ತು. ಹವಾಲ್ದಾರರ ಗಂಟಲು, ಆದರೆ ಶಾಲೆಯ ಹುಡುಗನ ಎಣಿಕೆ. ಕೊನೆಗೆ ದೂರದಿಂದ ಯಾರೋ ಹಿಂದಿಯಲ್ಲಿ ಕೂಗಿದರು, ಟ್ಯಾಂಕಿಗೆ ನೀರು ಬೀಳುತ್ತಿದೆ ಎಂದು.

ಅಕ್ಕ ನನ್ನ ಗಂಡನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೆಚ್ಚುಗೆ ಇತ್ತು, ಅದರ ಜೊತೆಗೆ ಇನ್ನೂ ಏನೋ ಇತ್ತು. ಅದು ನನಗೆ ಚೆನ್ನಾಗಿ ಪರಿಚಯವಿದ್ದ ಭಾವ. ನನ್ನಲ್ಲಿದ್ದದ್ದರ ಮೇಲೆ ಅವಳ ಕಣ್ಣು ಬಿದ್ದದ್ದನ್ನು ಅದೇ ಮೊದಲು ಕಂಡೆ. ತಟ್ಟನೆ ನಾನು ಮುಂದೆ ಹೋಗಿ ಗಂಡನ ಪಕ್ಕದಲ್ಲಿ ಕೂತುಬಿಟ್ಟೆ. ಯಾಕೆ ಕೂತೆ ಎಂದು ಅವನಿಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು. ಅವಳು ತಲೆ ತಗ್ಗಿಸಿ ಹುಳುಮನೆಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಡ್ರಮ್ಮು ಸೋರುತ್ತಿರಲಿಲ್ಲ ಎಂದು ಹೇಳಿದೆ. "ನಂಗೊತ್ತಿಲ್ವಾ" ಎಂದಳು. ಇಬ್ಬರೂ ಮತ್ತೆ ಸೊಪ್ಪು ಹರಡತೊಡಗಿದೆವು.

ಮಾರನೆಯ ದಿನ ಮುಷ್ಕರ ನಡೆಯಲೇ ಇಲ್ಲ. ಮೇಸ್ತ್ರಿ ಬೆಳಗ್ಗೆಯೇ ಫೋನ್ ಮಾಡಿ ಎಲ್ಲರಿಗೂ ಹೊರಟು ಬರಲು ಹೇಳಿದರು. ಅರ್ಧ ದಿನ ನೀರು ನಿಂತದ್ದಕ್ಕೇ ಒಳಗಿನವರು ಕಂಟ್ರಾಕ್ಟರನ್ನು ಕರೆಸಿ ಕೂರಿಸಿದ್ದರಂತೆ. ವಾರದ ರಜೆ ವಾಪಸು ಬಂತು. ಕೆಲಸದಲ್ಲಿ ಪೆಟ್ಟಾದರೆ ಮೊದಲ ಚಿಕಿತ್ಸೆ ಪೂರ್ತಿಯಾಗಿ ಒಳಗಿನ ಆಸ್ಪತ್ರೆಯಲ್ಲೇ ಎಂದು ಬರೆದುಕೊಟ್ಟರು. ಬಸ್ಸಿನಲ್ಲಿ ನಮ್ಮವರು ಹಾಡು ಹೇಳಿಕೊಂಡು ಹೋದರು. ನನ್ನ ಗಂಡನನ್ನು ಮಾತ್ರ ಕೆಲವರು ಮಾತಾಡಿಸಲಿಲ್ಲ. ಅವನು ಫೋನಿನಲ್ಲಿ ಹೇಳಿಕೊಡದೆ ಇದ್ದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಎಂದು ಅವರ ಲೆಕ್ಕ.

ಅದರಲ್ಲಿ ಸತ್ಯ ಎಷ್ಟಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕು ತಿಂಗಳ ಮೇಲೆ ಕಂಟ್ರಾಕ್ಟಿನವರ ಗೇಟ್ ಪಾಸು ನವೀಕರಿಸುವಾಗ ಪಂಪ್‌ಹೌಸಿಗೆ ಮೂವರು ಬೇಡ, ಇಬ್ಬರು ಸಾಕು ಎಂದರು. ಅಗತ್ಯ ಬಿದ್ದರೆ ನಡೆಸಲು ಕಲಿತ ಜವಾನರಿದ್ದರಲ್ಲ. ಕೆಲಸ ಹೋದದ್ದು ಮೇಸ್ತ್ರಿಗೆ. ಅವರು ತಮ್ಮ ಟ್ರಂಕು ಹಿಡಿದು ನಮ್ಮ ಸಾಲುಮನೆಗೆ ಹೇಳಿಹೋಗಲು ಬಂದರು. ಗಂಡ ಅವರ ಮುಖ ನೋಡಲಾರದೆ ಟ್ರಂಕಿನ ಹಿಡಿಗೆ ದಾರ ಸುತ್ತುತ್ತ ಕೂತ.

"ನಾನಾಗಿದ್ರೂ ಫೋನ್ ಎತ್ತುತಿದ್ದೆ ತಂಬಿ" ಎಂದರು ಮೇಸ್ತ್ರಿ. "ಕಲಿಸದು ಬ್ಯಾಡ ಅಂದಿದ್ದೂ ನಿಜವೇ."

ಆವತ್ತು ನಾನು ಗಂಡನನ್ನು, ನಾನು ಹೇಳಿರಲಿಲ್ಲವೇ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಮಾರನೆಯ ವರ್ಷ ನಾವೂ ಬಿಟ್ಟು ಬಂದೆವು. ಗಂಡ ಕೊಳ್ಳೇಗಾಲದಲ್ಲಿ ಬಾಡಿಗೆಗೆ ಒಂದು ಮಳಿಗೆ ಹಿಡಿದು ಸ್ವಂತ ರಿವೈಂಡಿಂಗ್ ಅಂಗಡಿ ಹಾಕಿದ. ಬಾವನಿಗೆ ಉತ್ತರದ ಕಡೆ ವರ್ಗವಾಯಿತು, ಅಕ್ಕನೂ ಹೋದಳು. ಭಾನುವಾರ ಫೋನ್ ಮಾಡುತ್ತಾಳೆ. ಅಲ್ಲಿನ ಚಳಿ, ಮಗಳ ಶಾಲೆ, ರಾಗಿಹಿಟ್ಟು ಸಿಗದಿರುವುದು ಎಲ್ಲ ಹೇಳುತ್ತಾಳೆ. ನಾನು ಮೊದಲು ಕೇಳುವುದು ಈಗಲೂ ಮನೆ ಎಷ್ಟು ದೊಡ್ಡದು ಎಂದೇ.

ಹೋದ ವಾರ ಅವ್ವ ಬಂದಿದ್ದಾಗ, ಬಾವ ಹನೂರಿನಲ್ಲಿ ಮೇನ್ ರೋಡಿಗೇ ಒಂದು ಸೈಟು ತೆಗೆದರು ಎಂದಳು. ನಾನು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಗಂಡನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಅವನು ಒಂದು ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿ ತುಂಬುತ್ತಿದ್ದ. ಇಷ್ಟು ವರ್ಷದಲ್ಲಿ ನಾನು ಕಲಿತಿರುವುದು ಒಂದು, ಅದು ಬಂದಾಗ ಬಂತೆಂದು ಹೇಳುವುದು.

"ಮತ್ತೆ ಬಂತು ಕಣ್ರಿ" ಎಂದೆ.

"ಯಾರು, ನಿಮ್ಮಕ್ಕನಾ?"

"ಅವಳಲ್ಲ. ಹೊಟ್ಟೆಕಿಚ್ಚು."

ಅವನು ತಂತಿಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟೊತ್ತು ಇರ್ತದಂತೆ?" ಎಂದು ಕೇಳಿದ.

"ಸಂಜೆಗಂಟ ಇರ್ತದೆ" ಎಂದು ಸ್ಟೂಲು ಎಳೆದುಕೊಂಡು ಕೂತೆ.